ಮೋಟಾರ್ ಸೈಕಲ್ಲಿನ ಆರೈಕೆ, ಅಲಂಕಾರ ಮತ್ತು ಕ್ರೂಸ್ ಕಂಟ್ರೋಲು

ಭಾನುವಾರ ಬೆಳಿಗ್ಗೆ ನಮ್ಮ ವಾಚನಾಲಯದ ಮೆಟ್ಟಿಲ ಬಳಿ ನಿಂತ ಗಾಡಿಗಳ ನಂಬರುಗಳನ್ನು ಓದುತ್ತ ಹೋದರೆ ನಮ್ಮ ನಾಡಿನ ನಕಾಶೆಯೇ ಕಣ್ಣೆದುರು ಬಿಚ್ಚಿಕೊಂಡಂತಾಗುತ್ತದೆ. ಕೆ.ಎ. ೨೨ ಬೆಳಗಾವಿ, ೨೫ ಧಾರವಾಡ, ೨೮ ವಿಜಯಪುರ, ೩೨ ಕಲಬುರಗಿ, ೩೩ ಯಾದಗಿರಿ. ನಡುನಡುವೆ ಎಂ.ಎಚ್. ೧೨, ೧೪ ಎಂದು ಪುಣೆ, ಪಿಂಪ್ರಿಯವು. ಹಿಂದೆ ಇದೇ ಜಾಗದಲ್ಲಿ ಬೈಸಿಕಲ್ಲುಗಳು ಗೋಡೆಗೆ ಒರಗಿ ನಿಲ್ಲುತ್ತಿದ್ದವು. ಈಗ ಚಾಕಣದ ಕಾರಖಾನೆಗೆ ಪಾಳಿಯ ಮೇಲೆ ಹೋಗುವವರು, ಪೇಟೆಯ ಕಚೇರಿಗಳ ಗುಮಾಸ್ತರು, ಮನೆಮನೆಗೆ ಊಟ ಸಾಮಾನು ಮುಟ್ಟಿಸುವ ಹುಡುಗರು, ಇವರೆಲ್ಲರಿಗೂ ಮೋಟಾರ್ ಸೈಕಲ್ಲು ಅನ್ನದ ದಾರಿಯಾಗಿದೆ. ಅದು ಒಂದು ದಿನ ನಿಂತರೆ ಆ ದಿನದ ಸಂಪಾದನೆಯೂ ನಿಂತಂತೆಯೇ.

ಈಚೆಗೆ ಕೆಲವು ತರುಣರು ಪತ್ರಿಕೆ ಓದುತ್ತ ಕುಳಿತಿದ್ದವರು ನಮ್ಮನ್ನು ಹೀಗೆ ಕೇಳಿದರು: “ಹೊಸ ಗಾಡಿಗಳಲ್ಲಿ ಕ್ರೂಸ್ ಕಂಟ್ರೋಲು ಬಂದಿದೆಯಂತೆ. ಹಬ್ಬಕ್ಕೆ ಊರಿಗೆ ಹೋಗಿಬರುವವರಿಗೆ ಅದು ಉಪಯೋಗವೇ? ನಮ್ಮ ಹಳೆಯ ಗಾಡಿಗೇ ಹಾಕಿಸಬಹುದೇ?” ಪ್ರಶ್ನೆಯೇನೋ ಚಿಕ್ಕದು. ಆದರೆ ಉತ್ತರ ಹೇಳಹೊರಟಾಗ ಚೈನು, ಬ್ರೇಕು, ಟಾಯರುಗಳ ಮಾತನ್ನೆತ್ತದೆ ಗತಿಯಿಲ್ಲವೆಂದು ನಮಗೆ ತೋರಿತು. ಅದಕ್ಕಾಗಿ ಈ ಸಲದ ಪಾಠವನ್ನು ಸ್ವಲ್ಪ ಉದ್ದವಾಗಿಯೇ ಬರೆದಿದ್ದೇವೆ.

ಕ್ರೂಸ್ ಕಂಟ್ರೋಲೆಂದರೆ ಸವಾರನು ಗೊತ್ತುಮಾಡಿದ ವೇಗವನ್ನು ಗಾಡಿಯು ತಾನಾಗಿ ಕಾಯ್ದುಕೊಂಡು ಹೋಗುವ ಏರ್ಪಾಡು. ಇದರ ಮೂಲಪುರುಷರು ಅಮೆರಿಕೆಯ ರಾಲ್ಫ್ ಟೀಟರ್ ಎಂಬ ಎಂಜಿನಿಯರರು. ಅವರು ಐದನೆಯ ವಯಸ್ಸಿನಲ್ಲಿಯೇ ಅಪಘಾತದಿಂದ ಕಣ್ಣು ಕಳೆದುಕೊಂಡವರು. ಅವರ ವಕೀಲ ಮಿತ್ರರೊಬ್ಬರು ಕಾರು ನಡೆಸುವಾಗ ಮಾತಿಗೆ ತೊಡಗಿದರೆ ಕಾರು ನಿಧಾನವಾಗುತ್ತಿತ್ತಂತೆ, ಮಾತು ನಿಲ್ಲಿಸಿದರೆ ಚುರುಕಾಗುತ್ತಿತ್ತಂತೆ. ಈ ಜಗ್ಗಾಟದಿಂದ ಬೇಸತ್ತ ಟೀಟರರಿಗೆ ವೇಗವನ್ನು ಒಂದೇ ಸಮನೆ ಹಿಡಿದಿಡುವ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. ೧೯೫೦ರಲ್ಲಿ ಅವರಿಗೆ ಪೇಟೆಂಟು ದೊರೆಯಿತು. ೧೯೫೮ರಲ್ಲಿ ಕ್ರೈಸ್ಲರ್ ಕಂಪನಿಯ ಕಾರಿನಲ್ಲಿ ಅದು ಮಾರಾಟಕ್ಕೆ ಬಂತು. ಗಾಡಿಯ ಓಟದ ಏರುಪೇರನ್ನು ಕಣ್ಣಿದ್ದವರಿಗಿಂತ ಕಣ್ಣಿಲ್ಲದವರೊಬ್ಬರು ಚೆನ್ನಾಗಿ ಗುರುತಿಸಿದರೆಂಬುದು ವಿಶೇಷವಲ್ಲವೆ? ಮುಂದೆ ೧೯೮೦ರ ದಶಕದಲ್ಲಿ ಹೋಂಡಾ ಗೋಲ್ಡ್ ವಿಂಗ್‌ನಂತಹ ಭಾರೀ ಮೋಟಾರ್ ಸೈಕಲ್ಲುಗಳಿಗೆ ಈ ಅನುಕೂಲ ಬಂತು. ನಮ್ಮ ದೇಶದಲ್ಲಿ ೨೦೨೩ರಲ್ಲಿ ಹೊರಬಂದ ಟಿ.ವಿ.ಎಸ್. ಅಪಾಚೆ ಆರ್.ಟಿ.ಆರ್. ೩೧೦ರಲ್ಲಿ ಇದು ಇತ್ತು. ೨೦೨೫ರಲ್ಲಿ ಹೀರೋ ಗ್ಲಾಮರ್ ಎಕ್ಸ್ ಎಂಬ ೧೨೫ ಸಿ.ಸಿ. ಗಾಡಿಗೂ ಬಂತು. ಆಗಿನಿಂದ ಇದು ಸಿರಿವಂತರ ಸೊತ್ತಾಗಿ ಉಳಿದಿಲ್ಲ. ನಮ್ಮವರು ಕೇಳತೊಡಗಿದುದು ಸಹಜವೇ.

ಇದು ಕೆಲಸ ಮಾಡುವ ಬಗೆಯನ್ನು ತಿಳಿಯಬೇಕಾದರೆ ಬಲಗೈಯ ಹಿಡಿಯಿಂದ ಹೊರಡಬೇಕು. ಹಳೆಯ ಗಾಡಿಯಲ್ಲಿ ಆ ಹಿಡಿಯನ್ನು ತಿರುಗಿಸಿದರೆ ಒಂದು ಉಕ್ಕಿನ ತಂತಿ ಎಂಜಿನ್ನಿಗೆ ಗಾಳಿ ಹೋಗುವ ಬಾಗಿಲನ್ನು ಎಳೆದು ತೆರೆಯುತ್ತದೆ. ಕ್ರೂಸ್ ಕಂಟ್ರೋಲಿರುವ ಗಾಡಿಯಲ್ಲಿ ಆ ಬಾಗಿಲನ್ನು ತೆರೆಯುವುದು ಒಂದು ಪುಟ್ಟ ವಿದ್ಯುತ್ ಮೋಟಾರು. ಕೈ ಎಷ್ಟು ತಿರುಗಿತೆಂಬ ಸುದ್ದಿಯನ್ನು ಮಾತ್ರ ವಯರು ಒಯ್ಯುತ್ತದೆ; ಎಷ್ಟು ತೆರೆಯಬೇಕೆಂಬುದನ್ನು ಗಾಡಿಯೊಳಗಿನ ಗಣಕ ನಿರ್ಧರಿಸುತ್ತದೆ. ಗಂಟೆಗೆ ೭೦ ಕಿ.ಮೀ. ಎಂದು ಗುಂಡಿ ಒತ್ತಿದಿರಿ ಎನ್ನಿ. ಚಕ್ರದ ಬಳಿ ಇರುವ ಸೆನ್ಸಾರು ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆಯೆಂದು ಕ್ಷಣಕ್ಷಣವೂ ವರದಿ ಕೊಡುತ್ತದೆ. ಏರು ಬಂದು ೬೮ಕ್ಕೆ ಇಳಿದರೆ ಬಾಗಿಲು ಇನ್ನಷ್ಟು ತೆರೆಯುತ್ತದೆ. ಇಳಿಜಾರಿನಲ್ಲಿ ೭೨ ಆದರೆ ಮುಚ್ಚಿಕೊಳ್ಳುತ್ತದೆ. ಸವಾರನು ಬ್ರೇಕು ಹಿಡಿದರೆ, ಕ್ಲಚ್ಚು ಒತ್ತಿದರೆ, ಏರ್ಪಾಡು ತಟ್ಟನೆ ಕೈಬಿಟ್ಟು ಗಾಡಿಯನ್ನು ಸವಾರನಿಗೆ ಒಪ್ಪಿಸುತ್ತದೆ.

ಈ ಕೊನೆಯ ಮಾತನ್ನು ವಾಚಕರು ಇನ್ನೊಮ್ಮೆ ಓದಬೇಕೆಂದು ನಮ್ಮ ವಿನಂತಿ. ಬ್ರೇಕು ಹಿಡಿದ ಸುದ್ದಿ ಗಣಕಕ್ಕೆ ಹೇಗೆ ಮುಟ್ಟುತ್ತದೆ? ಬ್ರೇಕಿನ ಹಿಡಿಯ ಬುಡದಲ್ಲಿರುವ ಬೆರಳುಗುರಿನಷ್ಟು ಸ್ವಿಚ್ಚಿನಿಂದ. ಹಿಂದಿನ ಕೆಂಪು ದೀಪವನ್ನು ಉರಿಸುವುದೂ ಅಂತಹ ಸ್ವಿಚ್ಚೇ. ಪುಣೆಯ ಮಳೆಗಾಲ ಎರಡು ಸಲ ದಾಟಿದ ಗಾಡಿಯಲ್ಲಿ ಆ ಸ್ವಿಚ್ಚು ಕಿಲುಬು ಹಿಡಿದು, ಬ್ರೇಕು ಹಾಕಿದರೂ ಕೆಂಪು ದೀಪ ಉರಿಯದಿರುವುದನ್ನು ನಮ್ಮ ಮೆಟ್ಟಿಲ ಬಳಿಯೇ ಎಷ್ಟೋ ಸಲ ಕಂಡಿದ್ದೇವೆ. ಗಾಡಿಯ ಯಜಮಾನನಿಗೆ ಅದು ಗೊತ್ತೇ ಇರುವುದಿಲ್ಲ, ಏಕೆಂದರೆ ತನ್ನ ಬೆನ್ನ ಹಿಂದಿನ ದೀಪ ತನಗೆ ಕಾಣದು. ಹಾಗೆಯೇ ಚಕ್ರದ ಸೆನ್ಸಾರಿಗೆ ಕೆಸರು ಮೆತ್ತಿದರೆ ವರದಿ ತಪ್ಪುತ್ತದೆ. ಆದುದರಿಂದ ಕ್ರೂಸ್ ಕಂಟ್ರೋಲೆಂಬುದು ಆರೈಕೆಯ ಮರದಲ್ಲಿ ಕಟ್ಟಕಡೆಗೆ ಬಿಡುವ ಹಣ್ಣು. ಬೇರಿಗೆ ನೀರು ಹೊಯ್ಯದವನಿಗೆ ಅದು ದಕ್ಕುವಂತಹುದಲ್ಲ.

ಬೇರಿನ ಮಾತಿಗೆ ಬರೋಣ. ನಮ್ಮವರು ಹೆಚ್ಚಾಗಿ ಮರೆಯುವುದು ಎಂಜಿನ್ ಆಯಿಲನ್ನು. ಇದಕ್ಕೊಂದು ಚರಿತ್ರೆಯೂ ಇದೆಯೆಂದು ನಮಗೆ ತೋರುತ್ತದೆ. ೧೯೬೦ರ ದಶಕದ ಆರಂಭದಿಂದ ೧೯೯೬ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರಖಾನೆಯಿಂದ ಜಾವಾ, ಯೆಜ್ಡಿ ಗಾಡಿಗಳು ಬರುತ್ತಿದ್ದವು. ಹಿರಿಯ ವಾಚಕರಿಗೆ ಅವುಗಳ ಸದ್ದು ಈಗಲೂ ಕಿವಿಯಲ್ಲಿರಬಹುದು. ಅದೇ ಕಾಲುಕೋಲಿನಿಂದ ಕಿಕ್ಕು ಹೊಡೆದು ಅದರಿಂದಲೇ ಗೇರನ್ನೂ ಹಾಕುವ ಚಮತ್ಕಾರ ಅವುಗಳಲ್ಲಿತ್ತು. ಅವು ಎರಡು ಹೊಡೆತದ ಎಂಜಿನ್ನಿನವು. ಪೆಟ್ರೋಲು ತುಂಬಿಸುವಾಗಲೆಲ್ಲ ಆಯಿಲನ್ನೂ ಅಳೆದು ಬೆರೆಸಲೇಬೇಕಾಗಿತ್ತು. ಹೀಗಾಗಿ ಆಯಿಲಿನ ನೆನಪು ತಾನಾಗಿ ಬರುತ್ತಿತ್ತು. ೧೯೮೫ರಲ್ಲಿ ನಾಲ್ಕು ಹೊಡೆತದ ಹೀರೋ ಹೋಂಡಾ ಸಿ.ಡಿ. ೧೦೦ ಬಂತು. ಪೆಟ್ರೋಲು ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ ಎಂಬ ಅರ್ಥದ ಅದರ ಜಾಹೀರಾತು ದೇಶದಲ್ಲೆಲ್ಲ ಮನೆಮಾತಾಯಿತು. ಮರೆಯಲು ಹೇಳಿದುದು ಪೆಟ್ರೋಲಿನ ಖರ್ಚನ್ನು. ನಮ್ಮ ಜನ ಆಯಿಲನ್ನೂ ಅದರ ಜೊತೆಗೇ ಮರೆತರು!

ನಾಲ್ಕು ಹೊಡೆತದ ಗಾಡಿಯ ಹೊಟ್ಟೆಯಲ್ಲಿರುವ ಆಯಿಲು ಒಂದು ಲೀಟರಿನ ಆಸುಪಾಸು ಮಾತ್ರ. ಅಷ್ಟರಿಂದಲೇ ಎಂಜಿನ್ನು, ಗೇರು, ಕ್ಲಚ್ಚು ಮೂರೂ ಬದುಕಬೇಕು. ಎಂಜಿನ್ನು ನಿಮಿಷಕ್ಕೆ ೫೦೦೦ ಸುತ್ತು ತಿರುಗುವಾಗ ಪಿಸ್ಟನ್ನು ಒಂದು ನಿಮಿಷದಲ್ಲಿ ೫೦೦೦ ಸಲ ಮೇಲೇರಿ ೫೦೦೦ ಸಲ ಕೆಳಗಿಳಿಯುತ್ತದೆ. ಪುಣೆಯ ಸಿಗ್ನಲುಗಳಲ್ಲಿ ಗಾಡಿ ನಿಂತಿದ್ದರೂ ಎಂಜಿನ್ನು ಓಡುತ್ತಲೇ ಇರುತ್ತದೆ. ಆ ಓಟ ಕಿಲೋಮೀಟರಿನ ಲೆಕ್ಕಕ್ಕೆ ಸಿಕ್ಕುವುದೇ ಇಲ್ಲ. ಆದುದರಿಂದ ಕೈಪಿಡಿಯಲ್ಲಿ ಹೇಳಿದ ಅವಧಿಗಿಂತ ಸ್ವಲ್ಪ ಮೊದಲೇ ಆಯಿಲು ಬದಲಿಸುವುದು ಪೇಟೆಯ ಸವಾರನಿಗೆ ಒಳ್ಳೆಯದು. ಬದಲಿಸುವುದಕ್ಕಿಂತಲೂ ಮುಖ್ಯವಾದುದು ಆಗಾಗ ಮಟ್ಟ ನೋಡುವುದು. ಸಮನೆಲದಲ್ಲಿ ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎರಡು ಮೂರು ನಿಮಿಷ ಎಂಜಿನ್ನು ಓಡಿಸಿ, ಆರಿಸಿ, ಮತ್ತೆ ಎರಡು ಮೂರು ನಿಮಿಷ ಕಾದು ಕಡ್ಡಿ ನೋಡತಕ್ಕದ್ದು. ಡಬ್ಬಿಯ ಮೇಲೆ ಜಾಸೋ ಎಂ.ಎ. ಎಂಬ ಗುರುತಿರಬೇಕು. ಅಗ್ಗಕ್ಕೆ ಸಿಕ್ಕಿತೆಂದು ಕಾರಿನ ಆಯಿಲು ಹಾಕಿದರೆ, ಅದರಲ್ಲಿ ಬೆರೆತ ಜಾರಿಕೆಯ ವಸ್ತುಗಳಿಂದ ಆಯಿಲಿನಲ್ಲಿಯೇ ಮುಳುಗಿರುವ ನಮ್ಮ ಕ್ಲಚ್ಚು ಜಾರತೊಡಗುವುದುಂಟು.

ಚೈನಿನ ವಿಷಯಕ್ಕೆ ಹೆಚ್ಚು ವಿದ್ಯೆ ಬೇಡ, ಅರ್ಧ ಗಂಟೆಯ ಪುರುಸೊತ್ತು ಸಾಕು. ಹಳೆಯ ಹಲ್ಲುಜ್ಜುವ ಬ್ರಶ್ಶು, ಸ್ವಲ್ಪ ಡೀಸೆಲ್ಲು ಅಥವಾ ಸೀಮೆಎಣ್ಣೆ, ಒಂದು ಹರಕು ಬಟ್ಟೆ, ಸಣ್ಣ ಬಾಟಲಿಯಲ್ಲಿ ೯೦ನೆಯ ನಂಬರಿನ ಗೇರ್ ಆಯಿಲು. ಪೆಟ್ರೋಲಿನಿಂದ ಚೈನು ತೊಳೆಯಬಾರದು. ಕೊಂಡಿಗಳ ನಡುವೆ ರಬ್ಬರಿನ ಉಂಗುರಗಳಿರುವ ಚೈನಾದರೆ ಅವು ಕೆಟ್ಟುಹೋಗುತ್ತವೆ, ಬೆಂಕಿಯ ಭಯ ಬೇರೆ. ಎಂಜಿನ್ನು ಆರಿಸಿಯೇ ಚಕ್ರವನ್ನು ಕೈಯಿಂದ ತಿರುಗಿಸಬೇಕು. ಗಾಡಿಯನ್ನು ಗೇರಿನಲ್ಲಿ ಓಡಬಿಟ್ಟು ಬಟ್ಟೆ ಹಿಡಿಯುವ ಕೆಲವರ ಚಾಳಿಯಿಂದ ಬೆರಳು ಚೈನಿಗೂ ಹಲ್ಲುಗಾಲಿಗೂ ನಡುವೆ ಸಿಕ್ಕುತ್ತದೆ. ನಡುವೆ ಬೆರಳಿನಿಂದ ಒತ್ತಿದರೆ ಚೈನು ಮೇಲೆ ಕೆಳಗೆ ಸುಮಾರು ೨೦ರಿಂದ ೩೦ ಮಿಲಿಮೀಟರು ಆಡಬೇಕು; ಸರಿಯಾದ ಅಳತೆ ಆಯಾ ಗಾಡಿಯ ಕೈಪಿಡಿಯಲ್ಲಿರುತ್ತದೆ. ಬಿಗಿಯಾದ ಚೈನೇ ಗಟ್ಟಿ ಎಂಬ ನಂಬಿಕೆ ತಪ್ಪು. ಬೆನ್ನ ಹಿಂದೆ ಹೆಂಡತಿ, ಮುಂದೆ ಮಗು, ಪಕ್ಕಕ್ಕೆ ಅಕ್ಕಿಯ ಚೀಲವೇರಿ ಹಿಂದಿನ ಚಕ್ರ ಕುಗ್ಗಿದಾಗ ಬಿಗಿದ ಚೈನಿಗೆ ಹೋಗಲು ಎಡೆಯೇ ಇರುವುದಿಲ್ಲ. (ಮೂವರನ್ನು ಏರಿಸುವುದು ಕಾನೂನಿಗೆ ಒಪ್ಪಿಗೆಯಲ್ಲವೆಂದು ಇಲ್ಲಿಯೇ ಹೇಳಿಬಿಡುತ್ತೇವೆ, ಆದರೆ ಕಂಡದ್ದನ್ನು ಕಂಡಿಲ್ಲವೆನ್ನಲಾರೆವು.)

ಬ್ರೇಕು, ಟಾಯರುಗಳ ಬಗೆಗೆ ಒಂದು ಸಣ್ಣ ಲೆಕ್ಕ. ಗಂಟೆಗೆ ೬೦ ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು ೧೭ ಮೀಟರು ಮುಂದೆ ಹೋಗುತ್ತದೆ. ೮೦ರಲ್ಲಿ ಸುಮಾರು ೨೨ ಮೀಟರು. ವೇಗ ಹೆಚ್ಚಿದುದು ಮೂರರಲ್ಲೊಂದು ಪಾಲು ಮಾತ್ರ. ಆದರೆ ಬ್ರೇಕು ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು ಆಗುತ್ತದೆ, ಏಕೆಂದರೆ ಆ ದೂರ ವೇಗದ ವರ್ಗವನ್ನು ಅನುಸರಿಸುತ್ತದೆ. ಇದು ಬ್ರೇಕು, ಟಾಯರು ಚೆನ್ನಾಗಿದ್ದಾಗಿನ ಮಾತು. ಟಾಯರಿನ ಗಾಳಿಯನ್ನು ವಾರಕ್ಕೊಮ್ಮೆ, ಗಾಡಿ ತಣ್ಣಗಿರುವಾಗ, ನೋಡಿಸಬೇಕು. ಎಷ್ಟು ಗಾಳಿ ಎಂಬುದು ಗಾಡಿಯ ಮೇಲೆಯೇ ಚೀಟಿಯಂತೆ ಅಂಟಿಸಿರುತ್ತದೆ. ಇಬ್ಬರು ಕುಳಿತರೆ ಹಿಂದಿನ ಚಕ್ರಕ್ಕೆ ಹೆಚ್ಚು ಗಾಳಿ ಬೇಕೆಂಬುದೂ ಅದರಲ್ಲಿಯೇ ಬರೆದಿರುತ್ತದೆ. ಟಾಯರಿನ ಪಕ್ಕದಲ್ಲಿ ಪುಟ್ಟ ತ್ರಿಕೋನದ ಗುರುತು ಹುಡುಕಿ ನೋಡಿರಿ. ಅದರ ನೇರಕ್ಕೆ ಗೆರೆಗಳ ತಳದಲ್ಲಿ ಒಂದು ಉಬ್ಬು ಇದೆ. ಸವೆದು ಸವೆದು ಆ ಉಬ್ಬಿನ ಮಟ್ಟಕ್ಕೆ ಬಂತೆಂದರೆ ಟಾಯರಿನ ಆಯುಸ್ಸು ತೀರಿತು.

ಇನ್ನು ಅಲಂಕಾರದ ಮಾತು. ಸಂಬಳ ಕೈಗೆ ಬಂದ ವಾರ ನಮ್ಮ ತರುಣರು ಮೊದಲು ಬದಲಿಸುವುದು ಸೈಲೆನ್ಸರನ್ನು, ತೆಗೆಯುವುದು ಸೀರೆ ಗಾರ್ಡನ್ನು, ಕಿರಿದು ಮಾಡುವುದು ಕನ್ನಡಿಯನ್ನು. ಗಾಡಿಯ ಮೇಲಿನ ಪ್ರೀತಿಯಿಂದಲೇ ಅವರು ಹೀಗೆ ಮಾಡುತ್ತಾರೆಂಬುದನ್ನು ನಾವು ಬಲ್ಲೆವು. ಹತ್ತು ತಾಸು ಯಂತ್ರದ ಮುಂದೆ ನಿಂತವನಿಗೆ ತನ್ನದೆಂದು ಹೇಳಿಕೊಳ್ಳಲು ಈ ಊರಿನಲ್ಲಿ ಇರುವ ಆಸ್ತಿ ಅದೊಂದೇ. ಆದರೂ ಹೇಳಬೇಕಾದುದನ್ನು ಹೇಳಲೇಬೇಕು. ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನಂತೆ ಕಾರಖಾನೆಯವರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂತಹ ಒಂದೊಂದು ಮಾರ್ಪಾಟಿಗೂ ೫೦೦೦ ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಎಂದು ಗೊತ್ತುಮಾಡಲಾಯಿತು. ಹಿಂದೆ ಕೂರುವವರಿಗೆ ಕೈಹಿಡಿ, ಕಾಲೊರೆಗೆ ಮತ್ತು ಚಕ್ರದ ಅರ್ಧಭಾಗವನ್ನು ಮುಚ್ಚುವ ರಕ್ಷಣೆ ಇರಬೇಕೆಂಬುದು ಕೇಂದ್ರದ ನಿಯಮ. ಸೀರೆ ಗಾರ್ಡು ಅಂದಗೇಡಿಯೇ ಇರಬಹುದು. ಸೆರಗು ಚಕ್ರಕ್ಕೆ ಸಿಕ್ಕಿ ತಾಯಂದಿರು, ಅಕ್ಕತಂಗಿಯರು ಬಿದ್ದ ಸುದ್ದಿಯನ್ನು ಕೇಳಿದವರು ಅದನ್ನು ಕಳಚುವುದಿಲ್ಲ.

ಮಾರ್ಪಾಟಿನ ವಿಷಯದಲ್ಲಿ ನಾವೂ ಪೆಟ್ಟು ತಿಂದವರೇ. ರಾತ್ರಿ ಪ್ರಯಾಣಕ್ಕೆ ಅನುಕೂಲವೆಂದು ಒಮ್ಮೆ ಎರಡು ಪ್ರಖರ ದೀಪಗಳನ್ನು ಹೆಚ್ಚಿಗೆ ಹಾಕಿಸಿದೆವು. ಮಿಸ್ತ್ರಿ ಅವುಗಳಿಗೆ ಬೇರೆ ವಯರು ಎಳೆಯದೆ ಹಳೆಯ ದೀಪದ ವಯರಿಗೇ ಗಂಟುಹಾಕಿದ್ದ. ಫ್ಯೂಸು ಪದೇ ಪದೇ ಹೋಯಿತೆಂದು ಅದರ ಜಾಗದಲ್ಲಿ ತಾಮ್ರದ ತಂತಿ ಸುತ್ತಿದ್ದನೆಂಬುದು ನಮಗೆ ಆಮೇಲೆ ತಿಳಿಯಿತು. ಕರಾಡ ದಾಟಿ ಕೊಲ್ಹಾಪುರದ ಕಡೆಗೆ ಹೋಗುತ್ತಿರುವಾಗ ಸುಟ್ಟ ರಬ್ಬರಿನ ವಾಸನೆ ಬಂತು. ಮರುಗಳಿಗೆಯಲ್ಲಿ ಮೂರು ದೀಪಗಳೂ ಒಟ್ಟಿಗೆ ಆರಿದವು. ಕತ್ತಲಲ್ಲಿ, ಹಿಂದಿನಿಂದ ಲಾರಿಗಳು ಬರುತ್ತಿರುವ ಹೆದ್ದಾರಿಯಲ್ಲಿ, ಅಂದಾಜಿನ ಮೇಲೆ ಎಡಕ್ಕೆ ಸರಿದು ನಿಂತೆವು. ಒಂದು ಧಾಬಾದವರೆಗೆ ಗಾಡಿ ತಳ್ಳಿಕೊಂಡು ಹೋಗಿ ಬೆಳಗಾಗುವತನಕ ಅಲ್ಲಿಯ ಹಗ್ಗದ ಮಂಚದ ಮೇಲೆ ಕುಳಿತೆವು. ಫ್ಯೂಸೆಂಬುದು ತಾನು ಸತ್ತು ಗಾಡಿಯನ್ನು ಉಳಿಸುವ ಕಾವಲುಗಾರ. ಪದೇ ಪದೇ ಅದು ಹೋಗುತ್ತಿದ್ದರೆ ಎಲ್ಲಿಯೋ ವಯರು ಕೆಟ್ಟಿದೆಯೆಂದು ತಿಳಿಯಬೇಕೇ ಹೊರತು ಕಾವಲುಗಾರನನ್ನೇ ಕಟ್ಟಿಹಾಕಬಾರದು.

ಈಗ ತರುಣರ ಎರಡನೆಯ ಪ್ರಶ್ನೆ: ಹಳೆಯ ಗಾಡಿಗೆ ಕ್ರೂಸ್ ಕಂಟ್ರೋಲು ಹಾಕಿಸಬಹುದೇ? ತಂತಿಯಿಂದ ಎಳೆಯುವ ಗಾಡಿಗೆ ಅದನ್ನು ಹಾಕಿಸುವ ಯೋಚನೆಯನ್ನೇ ಬಿಡುವುದು ಲೇಸು. ಪೇಟೆಯಲ್ಲಿ ಕೆಲವು ನೂರು ರೂಪಾಯಿಗೆ ಕ್ರೂಸ್ ಕಂಟ್ರೋಲೆಂದು ಮಾರುವ ವಸ್ತು ನಿಜವಾಗಿ ಹಿಡಿಯ ಬೀಗ ಮಾತ್ರ. ಬಲಗೈಯ ಹಿಡಿಯನ್ನು ತಿರುಗಿಸಿದಲ್ಲಿಯೇ ಅದು ಅಮುಕಿ ಹಿಡಿಯುತ್ತದೆ. ಅದಕ್ಕೆ ವೇಗವೆಂದರೇನೆಂದು ಗೊತ್ತಿಲ್ಲ. ಏರಿನಲ್ಲಿ ಗಾಡಿ ತಾನೇ ನಿಧಾನವಾಗುತ್ತದೆ, ಇಳಿಜಾರಿನಲ್ಲಿ ತಾನೇ ನುಗ್ಗುತ್ತದೆ. ಬ್ರೇಕು ಹಿಡಿದರೂ ಅದು ಬಿಡುವುದಿಲ್ಲ. ಒಂದು ಕಡೆ ಎಂಜಿನ್ನು ತಳ್ಳುತ್ತಿರುತ್ತದೆ, ಇನ್ನೊಂದು ಕಡೆ ಬ್ರೇಕು ತಡೆಯುತ್ತಿರುತ್ತದೆ. ನಾಯಿ ಅಡ್ಡ ಬಂದ ಗಳಿಗೆಯಲ್ಲಿ ಬೀಗವನ್ನು ಬಿಚ್ಚುವ ಬುದ್ಧಿ ಯಾರಿಗೆ ಓಡೀತು? ಇದನ್ನು ದಯವಿಟ್ಟು ಯಾರೂ ಕೊಳ್ಳಬೇಡಿರಿ. ಕೊಂಡವರು ಕಳಚಿಡಿರಿ.

ಕಾರಖಾನೆಯಿಂದಲೇ ಕ್ರೂಸ್ ಕಂಟ್ರೋಲು ಬಂದ ಗಾಡಿಯಿದ್ದರೆ ಅದರ ಉಪಯೋಗ ಎಲ್ಲಿ? ನಮ್ಮವರು ಊರಿಗೆ ಹೋಗುವ ಎರಡು ದಾರಿಗಳನ್ನೇ ನೋಡೋಣ. ಕಲಬುರಗಿ, ವಿಜಯಪುರದವರು ಸೊಲ್ಲಾಪುರದ ದಾರಿ ಹಿಡಿಯುತ್ತಾರೆ. ಭಿಗವಣ ದಾಟಿ ಇಂದಾಪುರ, ಟೆಂಭುರ್ಣಿಯ ಕಡೆಗೆ ರಸ್ತೆ ಅಗಲವಾಗಿ, ನೇರವಾಗಿ ಬಿದ್ದಿದೆ. ಬೆಳಗಿನ ಹೊತ್ತು, ರಸ್ತೆ ಒಣಗಿದ್ದು, ಮುಂದೆ ದೂರದವರೆಗೆ ಕಾಣುತ್ತಿರುವಾಗ ೬೫ಕ್ಕೋ ೭೦ಕ್ಕೋ ನಿಲ್ಲಿಸಿಕೊಂಡರೆ ಬಲಗೈಯ ಮಣಿಕಟ್ಟಿಗೆ ನಿಜವಾಗಿಯೂ ವಿಶ್ರಾಂತಿ ಸಿಕ್ಕುತ್ತದೆ. ವಾರವೆಲ್ಲ ಲೇತಿನ ಮುಂದೆಯೋ ಬೆರಳಚ್ಚಿನ ಮಣೆಯ ಮುಂದೆಯೋ ದುಡಿದ ಕೈಗೆ ಇದು ಸಣ್ಣ ಉಪಕಾರವಲ್ಲ. ಇನ್ನೊಂದು ಲಾಭ, ನಮ್ಮ ಅಭಿಪ್ರಾಯದಲ್ಲಿ ಇದೇ ದೊಡ್ಡದು: ಊರು ಹತ್ತಿರವಾದಂತೆ ಕೈ ತನಗರಿಯದೆಯೇ ಹೆಚ್ಚು ತಿರುಗುತ್ತದೆ. ನಾಲ್ಕು ಹಾದಿಯ ಹೆದ್ದಾರಿಯಲ್ಲಿ ದ್ವಿಚಕ್ರಕ್ಕೆ ೨೦೧೮ರ ಕೇಂದ್ರ ಅಧಿಸೂಚನೆ ಇಟ್ಟ ಮಿತಿ ಗಂಟೆಗೆ ೮೦ ಕಿ.ಮೀ. ಮನೆಯ ಆಸೆಗೆ ಆ ಮಿತಿ ಕಾಣದು. ಗುಂಡಿ ಒತ್ತಿದ ಯಂತ್ರಕ್ಕೆ ಅಂತಹ ಆಸೆಯಿಲ್ಲ.

ಅದೇ ದಾರಿಯಲ್ಲಿ ಕಬ್ಬಿನ ಹಂಗಾಮಿನಲ್ಲಿ ಸಂಜೆ ಹೋಗುವವರು ಗುಂಡಿಯನ್ನು ಮುಟ್ಟಲೇಬಾರದು. ಎರಡೆರಡು ಟ್ರೈಲರು ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು ಹಿಂದಿನ ದೀಪವಿಲ್ಲದೆ ಹೋಗುತ್ತಿರುತ್ತವೆ. ಬೆರಳುಗಳು ಬ್ರೇಕಿನ ಮೇಲಿರದೆ ಆರಾಮವಾಗಿ ಕುಳಿತ ಸವಾರನಿಗೆ ಎಚ್ಚರವಾಗಲು ಅರ್ಧ ಸೆಕೆಂಡು ತಡವಾದರೆ, ೮೦ರ ವೇಗದಲ್ಲಿ ಅದು ೧೧ ಮೀಟರು. ಬೆಳಗಾವಿ, ಧಾರವಾಡದವರ ದಾರಿಯಲ್ಲಿ ಕಾತ್ರಜ ಮತ್ತು ಖಂಬಾಟಕಿ ಘಟ್ಟಗಳಿವೆ. ಸಾತಾರ, ಕೊಲ್ಹಾಪುರಗಳ ಬಳಿ ಊರಿನ ಗಾಡಿಗಳು ಅಡ್ಡ ನುಗ್ಗುತ್ತವೆ. ಅಲ್ಲಿ ಇದು ಬೇಡ. ಮಳೆಯಲ್ಲಿ ಎಲ್ಲಿಯೂ ಬೇಡ. ಪುಣೆಯ ಪೇಟೆಯೊಳಗೆ ಇದರ ಹೆಸರೆತ್ತುವುದೇ ನಗೆಗೀಡು. ನಿದ್ದೆ ಬರುತ್ತಿದ್ದರೆ ಮೊದಲು ಗಾಡಿ ನಿಲ್ಲಿಸಿ ಚಹಾ ಕುಡಿಯಿರಿ. ರಾತ್ರಿ ಪಾಳಿ ಮುಗಿಸಿ ನೇರವಾಗಿ ಊರಿನ ದಾರಿ ಹಿಡಿಯುವವರಿಗೆ ಈ ಮಾತನ್ನು ಒತ್ತಿ ಹೇಳುತ್ತಿದ್ದೇವೆ. ಕೈಗೆ ಕೆಲಸವಿಲ್ಲದಿದ್ದರೆ ಕಣ್ಣೂ ಬೇಗ ಮುಚ್ಚುತ್ತದೆ.

ಹೊಸ ಗಾಡಿ ಕೊಳ್ಳುವವರು ಹಾಗಾದರೆ ಕ್ರೂಸ್ ಕಂಟ್ರೋಲಿಗಾಗಿ ಹೆಚ್ಚು ಹಣ ಕೊಡಬೇಕೇ? ವರ್ಷಕ್ಕೆ ಎರಡು ಸಲ ಊರಿಗೆ ಹೋಗಿ, ಉಳಿದ ದಿನ ಪಿಂಪ್ರಿಯಿಂದ ಚಾಕಣಕ್ಕೆ ಓಡಾಡುವವನಿಗೆ ಬೇಡವೆಂದೇ ನಮ್ಮ ಸಲಹೆ. ಆ ಹಣದಲ್ಲಿ ಎ.ಬಿ.ಎಸ್. ಇರುವ ಗಾಡಿ ಸಿಕ್ಕುವುದಾದರೆ ಅದನ್ನು ಕೊಳ್ಳಲಿ. ೧೨೫ ಸಿ.ಸಿ. ದಾಟಿದ ಹೊಸ ಗಾಡಿಗಳಿಗೆ ಅದು ೨೦೧೯ರ ಏಪ್ರಿಲಿನಿಂದ ಕಡ್ಡಾಯವಾಯಿತು. ತಿಂಗಳಿಗೆ ಹಲವು ಸಲ ನೂರಾರು ಕಿಲೋಮೀಟರು ಹೆದ್ದಾರಿಯಲ್ಲಿ ಹೋಗುವ ಮಾರಾಟ ಪ್ರತಿನಿಧಿಗಳ ಮಾತು ಬೇರೆ, ಅವರು ಕೊಳ್ಳಬಹುದು.

ಕಾಗದಪತ್ರದ ಒಂದು ಸಂಗತಿ ಉಳಿಯಿತು. ಕೆ.ಎ. ನಂಬರಿನ ಗಾಡಿಯನ್ನು ಬೇರೆ ರಾಜ್ಯದಲ್ಲಿ ೧೨ ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿಯ ನಂಬರು ಪಡೆಯಬೇಕೆಂದು ಕಾಯಿದೆಯ ೪೭ನೆಯ ಕಲಮು ಹೇಳುತ್ತದೆ. ಅದಕ್ಕೆ ಊರಿನ ಆರ್.ಟಿ.ಒ. ಕಚೇರಿಯಿಂದ ಆಕ್ಷೇಪಣೆಯಿಲ್ಲವೆಂಬ ಪತ್ರ ಬೇಕು. ಹಬ್ಬಕ್ಕೆ ಊರಿಗೆ ಹೋದಾಗಲೇ ಅದರ ಅರ್ಜಿಯನ್ನು ಮುಗಿಸಿಕೊಂಡು ಬಂದರೆ ಒಂದು ರಜೆ ಉಳಿಯುತ್ತದೆ. ದೂರದ ಪ್ರಯಾಣವೇ ಬೇಡವೆನ್ನುವವರು ಗಾಡಿಯನ್ನು ರೈಲಿನ ಪಾರ್ಸೆಲಿನಲ್ಲಿ ಕಳಿಸಬಹುದು. ಟ್ಯಾಂಕಿನ ಪೆಟ್ರೋಲನ್ನೆಲ್ಲ ಇಳಿಸಿ, ಗೋಣಿತಾಟಿನಿಂದ ಚೆನ್ನಾಗಿ ಸುತ್ತಿಸಿ, ಆರ್.ಸಿ.ಯ ಪ್ರತಿಯೊಡನೆ ಒಯ್ಯತಕ್ಕದ್ದು.

ಕೈಪಿಡಿಯ ಹೆಸರನ್ನು ಮೇಲೆ ಹಲವು ಸಲ ಎತ್ತಿದ್ದೇವೆ. ಅದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಇರುವುದರಿಂದ ಬಹಳ ಮಂದಿ ಅದನ್ನು ಸೀಟಿನ ಕೆಳಗಿಟ್ಟು ಮರೆಯುತ್ತಾರೆ. ಓದಲು ತೊಡಕಾಗುವವರು ಭಾನುವಾರ ಅದನ್ನು ವಾಚನಾಲಯಕ್ಕೆ ತನ್ನಿರಿ. ಚೈನಿನ ಅಳತೆ, ಗಾಳಿಯ ಅಂಕಿ, ಆಯಿಲಿನ ಅವಧಿ, ಈ ಮೂರನ್ನು ಕನ್ನಡದಲ್ಲಿ ಒಂದು ಚೀಟಿಗೆ ಬರೆದುಕೊಡುತ್ತೇವೆ. ಬರುವಾಗ ಮೆಟ್ಟಿಲ ಬಳಿ ಬ್ರೇಕನ್ನೊಮ್ಮೆ ಹಿಡಿದು, ಹಿಂದಿನ ದೀಪ ಉರಿಯಿತೇ ಎಂದು ಪಕ್ಕದಲ್ಲಿ ನಿಂತವರನ್ನು ಕೇಳಿರಿ.